ಹೆಸರು ಮುಚ್ಚಿಟ್ಟ ಹೋಟೆಲು

ನೇರವಾಗಿ ಹೋದರೆ ಕೋಣೆಗೆ ಒಂಬತ್ತು ಸಾವಿರ. ಹಣ ಕಟ್ಟುವವರೆಗೂ ಹೋಟೆಲಿನ ಹೆಸರು ಹೇಳದ ಜಾಲತಾಣದಲ್ಲಿ ಮೂರು ಸಾವಿರ, ಆದರೆ ಕಟ್ಟಿದ ಹಣ ವಾಪಸಿಲ್ಲ. ಮಗಳ ಪರೀಕ್ಷೆಗೆಂದು ನಗರಕ್ಕೆ ಹೊರಟಿದ್ದ ಇಸ್ತ್ರಿಯಮ್ಮ ಕಟ್ಟಿಯೇಬಿಟ್ಟಳು. ಹೆಸರು ತೆರೆದುಕೊಂಡಾಗ ಎರಡೆರಡು ಸಲ ಓದಿದಳು. ಮ್ಯಾನೇಜರಿಗೆ ಎದುರುತ್ತರ ಕೊಟ್ಟಳೆಂದು ಅವಳನ್ನು ಬಟ್ಟೆ ಇಸ್ತ್ರಿಯ ಕೆಲಸದಿಂದ ತೆಗೆದ ಹೋಟೆಲೇ ಅದು! ಅಂದಿನಿಂದ ಆ ಬೀದಿ ತುಳಿಯಲೂ ಅವಳಿಗೆ ಅಂಜಿಕೆ.

"ದುಡ್ಡು ಹಾಳಾಗ್ಲಿ ಬಿಡಮ್ಮಾ, ಬೇರೆ ಕಡೆ ಹೋಗೋಣ," ಎಂದಳು ಮಗಳು.

"ಯಾಕೆ? ನಾನೇನು ಕದ್ದು ಓಡಿಹೋದೋಳಾ?"

ಮುಂಬಾಗಿಲಲ್ಲೇ ಅದೇ ಹಳೆಯ ಮ್ಯಾನೇಜರ್ ಅವಳ ಗುರುತು ಹಿಡಿದ. "ಏನಮ್ಮಾ, ಕೆಲಸದೋರಿಗೆ ಹಿಂಬಾಗಿಲು, ಮರೆತ್ಯಾ?"

"ಅದರ ಹೊಸ್ತಿಲು ಸವೆಸಿದ್ದೇ ನಾನು ಕಣಪ್ಪಾ. ಇವತ್ತು ನಿನ್ನ ಗಿರಾಕಿ. ಬೀಗದಕೈ ತೆಗಿ."

ಅವನು ಬೇಕೆಂದೇ ಲಿಫ್ಟಿನ ಪಕ್ಕದ ಕೋಣೆ ಕೊಟ್ಟ. ಗಡಗಡ ಸದ್ದಿಗೆ ಅವಳಿಗೆ ಸರಿಯಾಗಿ ನಿದ್ದೆ ಬರಲಿಲ್ಲ, ಆದರೆ ಅವನ ಬಗ್ಗೆ ಇದ್ದ ಭಯ ಪೂರ್ತಿ ಬಿಟ್ಟುಹೋಯಿತು.