ಯಾರೂ ಕೂಗದ ಪೋರ್ಟ್

ಸರ್ವರ್ ಎಂದರೆ ನೂರಾರು ಬಾಗಿಲುಗಳ ಮನೆ. ಒಂದೊಂದು ಕೆಲಸಕ್ಕೂ ನಂಬರು ಹಾಕಿದ ಒಂದೊಂದು ಬಾಗಿಲು; ಅದಕ್ಕೆ ಪೋರ್ಟ್ ಎನ್ನುತ್ತಾರೆ. ಯಾವುದು ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂದು ಫೈರ್‌ವಾಲ್ ಎಂಬ ಕಾವಲು ವ್ಯವಸ್ಥೆಗೆ ಹೇಳಿಕೊಡುವವನು ನಮ್ಮ ಆಸ್ಪತ್ರೆಯಲ್ಲಿ ಚಿಲಕ. ಆ ಅಡ್ಡಹೆಸರಿಟ್ಟವಳು ಅವನ ಪಕ್ಕದ ಮೇಜಿನ ನಾನೇ. ಅಷ್ಟು ಮುಚ್ಚುವ ಚಟ ಅವನಿಗೆ.

ಕಂಪ್ಯೂಟರ್ ಭದ್ರತೆಯ ತಪಾಸಣೆ ಹತ್ತಿರ ಬಂದಿತ್ತು. ಅದರಲ್ಲಿ ಕೊಂಕು ಬರದಿದ್ದರೆ ಅವನ ಕೆಲಸ ಕಾಯಂ. ತೆರೆದಿದ್ದ ಪೋರ್ಟ್‌ಗಳಲ್ಲಿ ಒಂದಕ್ಕೆ ಮಾತ್ರ ವಾರಸುದಾರರೇ ಸಿಗಲಿಲ್ಲ. ಎಲ್ಲ ವಿಭಾಗಗಳಿಗೂ ಕೇಳಿ ಕಳಿಸಿದ. ಬರೀ ನಂಬರು ನೋಡಿ ಇದು ನನ್ನದು ಎನ್ನಲು ಯಾರಿಗೆ ಗೊತ್ತಾಗಬೇಕು? ಇಂಥದ್ದಕ್ಕೆ ನಮ್ಮ ಕಸುಬಿನಲ್ಲಿ ಒಂದು ಒರಟು ಪದ್ಧತಿಯಿದೆ: ಮುಚ್ಚಿಬಿಡುವುದು, ಯಾರು ಕೂಗುತ್ತಾರೋ ನೋಡುವುದು. ಚಿಲಕ ಮುಚ್ಚಿದ. ವಾರ ಕಳೆದರೂ ಯಾರೂ ಕೂಗಲಿಲ್ಲ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ, ಸರಿ. ಬಾಯಿ ತೆರೆಯದವರ ಗತಿಯೇನು ಎಂದು ಈ ಪದ್ಧತಿ ಕಂಡುಹಿಡಿದ ಪುಣ್ಯಾತ್ಮ ಯೋಚಿಸಲೇ ಇಲ್ಲ. ನನಗೆ ಈಗಲೂ ಅವನ ಮೇಲೆ ಸಿಟ್ಟಿದೆ.

ಚಿಲಕನ ಚಿಕ್ಕಮ್ಮ ಇದೇ ಆಸ್ಪತ್ರೆಯ ರಕ್ತನಿಧಿಯ ಕೌಂಟರಿನಲ್ಲಿದ್ದಾರೆ. ತಾಯಿಯಿಲ್ಲದ ಅವನನ್ನು ಸಾಕಿದವರು ಅವರೇ. ಆ ವಾರವೆಲ್ಲ ಕುಂಟುತ್ತ ಮನೆಗೆ ಬರುತ್ತಿದ್ದರಂತೆ. ಕೇಳಿದರೆ ವಯಸ್ಸಾಯಿತಲ್ಲ ಎನ್ನುತ್ತಿದ್ದರಂತೆ.

ಸೋಮವಾರದ ಸಭೆಯಲ್ಲಿ ರಕ್ತನಿಧಿಯ ಮೇಲ್ವಿಚಾರಕರು ದೂರು ತಂದರು. ಚಿಕ್ಕಮ್ಮ ಹೇಳದೆ ಕೇಳದೆ ಪದೇ ಪದೇ ಕೌಂಟರ್ ಬಿಟ್ಟು ಹೋಗುತ್ತಾರೆ, ಜನ ಕಾಯುತ್ತಾರೆ, ಅವರನ್ನು ಕೆಲಸದಿಂದ ಬಿಡಿಸುವುದೇ ವಾಸಿ ಎಂದರು. ಚಿಲಕ ಸಭೆ ಮುಗಿಯುವುದನ್ನೂ ಕಾಯದೆ ರಕ್ತನಿಧಿಯತ್ತ ಓಡಿದ. ನಾನೂ ಹಿಂದೆಯೇ ಹೋದೆ.

ಚಿಕ್ಕಮ್ಮ ಕಂಬಿ ಹಿಡಿದು ನೆಲಮಾಳಿಗೆಯ ಮೆಟ್ಟಿಲು ಇಳಿಯುತ್ತಿದ್ದರು. ಕೆಳಗಿರುವುದು ರಕ್ತದ ಚೀಲಗಳನ್ನಿಡುವ ಶೀತಲ ಕೋಣೆ. ಬಿಸಿ ಏರಿದರೆ ರಕ್ತ ಕೆಡುತ್ತದೆ; ಅದರ ಉಷ್ಣಾಂಶ ಮೇಲೆ ಕೌಂಟರಿನ ಪರದೆಯಲ್ಲೇ ಕಾಣುತ್ತಿತ್ತು. ಚಿಲಕ ಪೋರ್ಟ್ ಮುಚ್ಚಿದ ದಿನವೇ ಆ ಅಂಕಿ ಮಾಯವಾಗಿತ್ತು. ಅಂದಿನಿಂದ ಚಿಕ್ಕಮ್ಮ ಯಾರಿಗೂ ಹೇಳದೆ ತಾವೇ ಇಳಿದು ನೋಡಿ ಬರುತ್ತಿದ್ದರು.

“ನನಗ್ಯಾಕೆ ಹೇಳ್ಲಿಲ್ಲ ಚಿಕ್ಕಮ್ಮ?”

“ಮುಚ್ಚಿದ್ದು ನೀನೇ ಅಂತ ಗೊತ್ತಿತ್ತು ಕಣೋ. ಒಂದು ಪೋರ್ಟ್ ಮುಚ್ಚಿದೆ ಅಂತ ಊಟ ಮಾಡ್ತಾ ನೀನೇ ಹೇಳಿದ್ಯಲ್ಲ, ಅಂಕಿ ಹೋಗಿದ್ದೂ ಅವತ್ತೇ. ತಪಾಸಣೆ ಮುಗೀಲಿ, ನಿನ್ನ ಕೆಲಸ ಗಟ್ಟಿಯಾಗ್ಲಿ ಅಂತ ಸುಮ್ನಿದ್ದೆ.”

ಚಿಲಕ ಹೋಗಿ ಮೊದಲು ಆ ಪೋರ್ಟ್ ತೆರೆದ. ಶೀತಲ ಕೋಣೆಯ ಯಂತ್ರಕ್ಕೆ ಮಾತ್ರ ದಾರಿ ಬಿಟ್ಟ. ಆಮೇಲೆ ಸಭೆಗೆ ವಾಪಸು ಬಂದು, ತಪ್ಪು ತನ್ನದೆಂದು ಎಲ್ಲರೆದುರು ಒಪ್ಪಿಕೊಂಡ. ಚಿಕ್ಕಮ್ಮನ ಕೆಲಸ ಉಳಿಯಿತು. ಅವನದು ಕಾಯಂ ಆಗುವುದು ಮುಂದಿನ ವರ್ಷಕ್ಕೆ ಹೋಯಿತು.

ಸಂಜೆ ನಾನು ಅವರ ಮನೆಗೆ ಹೋದಾಗ ಚಿಕ್ಕಮ್ಮ ಅವನೊಡನೆ ಮಾತು ಬಿಟ್ಟಿದ್ದರು. ಕಾಲು ಚಾಚಿ ಕುಳಿತಿದ್ದ ಅವರ ಮಂಡಿಗೆ ಅವನು ಎಣ್ಣೆ ತಿಕ್ಕುತ್ತಿದ್ದ. ಕೊನೆಗೆ ಅವರು ಕಣ್ಣೊರೆಸಿಕೊಂಡು ಕೇಳಿದರು.

“ನೀನೇ ಹೋಗಿ ಒಪ್ಕೊಳ್ಳೋದಾದ್ರೆ ನಾನು ಅಷ್ಟು ದಿನ ಮೆಟ್ಟಿಲು ಹತ್ತಿ ಇಳಿದಿದ್ದೆಲ್ಲ ಯಾಕೋ?”

ಅವನು ಇನ್ನೊಂದು ಮಂಡಿಗೆಂದು ಅಂಗೈಗೆ ಎಣ್ಣೆ ಸುರಿದುಕೊಂಡ.