ಅಳತೆಯ ಜಗ್ಗು

"ಇಷ್ಟೇನಾ? ಬೆಕ್ಕು ಹೊಯ್ದಿದೆಯಾ ಇದು?"

ದೊಡ್ಡ ಡಾಕ್ಟರು ಮಂಚದ ಕೆಳಗೆ ನೇತಾಡುತ್ತಿದ್ದ ಚೀಲವನ್ನು ಬೂಟಿನ ತುದಿಯಿಂದ ಅಲ್ಲಾಡಿಸಿದರು. ಚೀಲದ ತಳದಲ್ಲಿ ಕೆಂಪಗೆ ಒಂದು ಗುಟುಕಿನಷ್ಟು ಮೂತ್ರ ನಿಂತಿತ್ತು. ಮಂಚದ ಮೇಲಿದ್ದವನು ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಕಣ್ಣು ಮುಚ್ಚಿಕೊಂಡ. ಅವನ ಹೆಂಡತಿ ಗೋಡೆಗೆ ಅಂಟಿ ನಿಂತಳು.

"ಯಾರೋ ಸತ್ತು ಕೊಟ್ಟ ಕಿಡ್ನಿ ಇದು. ಎಷ್ಟು ಜನ ಸಾಲಿನಲ್ಲಿದ್ರು ಗೊತ್ತೇನಮ್ಮ? ನಿಮ್ಮಂಥವರ ಹೊಟ್ಟೇಲಿ ಇಡೋ ಬದಲು ಗಟಾರಕ್ಕೆ ಎಸೆದಿದ್ರೆ ಅಲ್ಲಾದ್ರೂ ಏನಾದ್ರೂ ಹರೀತಿತ್ತು."

ಹಿಂದೆ ನಿಂತಿದ್ದ ಕಿರಿಯ ಡಾಕ್ಟರುಗಳು ನಕ್ಕರು. ನಗದೆ ಇದ್ದರೆ ಅವರಿಗೂ ಉಳಿಗಾಲವಿರಲಿಲ್ಲ.

ಗಟಾರದ ಮಾತು ಮಂಚದ ಮೇಲಿದ್ದವನಿಗೇನೂ ಹೊಸದಲ್ಲ. ರಸ್ತೆಯ ಒಳಚರಂಡಿ ಚೇಂಬರುಗಳಿಗೆ ಇಳಿದು, ಕಟ್ಟಿಕೊಂಡ ಹೊಲಸನ್ನು ಕೈಯಲ್ಲಿ ಬಿಡಿಸುವುದೇ ಅವನ ಕಸುಬು. ಕಣ್ಣು ಮೂಗು ಮಾತ್ರ ಮೇಲಿಟ್ಟು ಆ ನೀರಿನಲ್ಲಿ ಮುಳುಗಿರುತ್ತಿದ್ದ ಅವನನ್ನು ಜೊತೆಯವರು ಮೊಸಳೆ ಎಂದು ಕರೆದರು. ಹೆಂಡತಿ ಗುಜರಿ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಬಾಟಲಿ ತೊಳೆಯುವವಳು, ಅವಳ ಹೆಸರು ಬಾಟ್ಲಿಯಾಯಿತು. ಮೊಸಳೆಯ ಬಾಯಿಗೆ ಬಾಟ್ಲಿ ಸಿಕ್ಕಿತು, ನುಂಗೋಕೂ ಆಗಲ್ಲ ಉಗಿಯೋಕೂ ಆಗಲ್ಲ ಎಂದು ಅಕ್ಕಪಕ್ಕದವರು ಮದುವೆಯಲ್ಲೇ ಆಡಿಕೊಂಡಿದ್ದರು.

ಡಾಕ್ಟರುಗಳ ದಂಡು ಆಚೆ ಮಂಚಕ್ಕೆ ಹೋದ ಮೇಲೆ ಮೊಸಳೆ ಒಂದು ಕಣ್ಣು ತೆರೆದ.

"ಊರೋರ ಕೊಳವೆಯೆಲ್ಲಾ ಬಿಡಿಸ್ದೆ. ನಂದೇ ಕಟ್ಕೊಂಡು ಕೂತಿದೆ ನೋಡೇ."

"ಸುಮ್ನಿರು ಮಾರಾಯ. ನಗ್ಸಬೇಡ, ಹೊಲಿಗೆ ಬಿಚ್ಚುತ್ತೆ."

ಅವಳಿಗೆ ನಗು ಬಂದಿರಲಿಲ್ಲ.

ದಂಡಿನಿಂದ ಹಿಂದೆ ಉಳಿದವಳು ಸ್ಟಡಿ ಮೇಡಂ ಒಬ್ಬಳೇ. ಹೊಸ ಕಿಡ್ನಿ ಹಾಕಿಸಿಕೊಂಡವರ ಮೇಲೆ ದೊಡ್ಡ ಡಾಕ್ಟರು ಒಂದು ಔಷಧಿಯ ಪರೀಕ್ಷೆ ನಡೆಸುತ್ತಿದ್ದರು. ಅದರ ಲೆಕ್ಕ ಬರೆಯುವ ಸಣ್ಣ ವಯಸ್ಸಿನ ಡಾಕ್ಟರಿಗೆ ವಾರ್ಡಿನವರು ಇಟ್ಟ ಹೆಸರು ಅದು. ಬಾಟ್ಲಿ ಅವಳ ಕೋಟಿನ ತುದಿ ಹಿಡಿದಳು.

"ಮೇಡಂ, ಇವ್ನಿಗೆ ಉಚ್ಚೆ ಯಾಕ್ ಬರ್ತಿಲ್ಲ?"

"ಕೆಲವರಲ್ಲಿ ಹೊಸ ಕಿಡ್ನಿ ತಡವಾಗಿ ಏಳುತ್ತೆ. ನಿದ್ದೆ ಮಾಡ್ತಿದೆ ಅಂದ್ಕೊಳ್ಳಿ. ಬೇಗ ಎಬ್ಬಿಸೋಕೇ ಈ ಇಂಜೆಕ್ಷನ್."

"ಇವ್ನಿಗೂ ಅದೇ ಕೊಟ್ಟಿದೀರಾ?"

"ಗೊತ್ತಿಲ್ಲ. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ನಮಗೂ ಹೇಳಲ್ಲ. ಸಹಿ ಮಾಡ್ಸುವಾಗಲೇ ಹೇಳಿದ್ನಲ್ಲ."

ಹೇಳಿದ್ದಿರಬಹುದು. ಆಪರೇಷನ್ನಿಗೆ ಗಾಡಿ ತಳ್ಳುತ್ತಿದ್ದಾಗ ಬಾಟ್ಲಿಯ ಕಿವಿಯಲ್ಲಿ ಯಾರ ಮಾತೂ ಇಳಿಯುತ್ತಿರಲಿಲ್ಲ.

"ಮತ್ತೆ ಅದು ಏಳದೇ ಹೋದ್ರೆ?"

"ಏಳದೇ ಹೋದ್ರೆ ತೆಗೀಬೇಕಾಗುತ್ತೆ," ಎಂದು ಸ್ಟಡಿ ಮೇಡಂ ಫೋನು ನೋಡುತ್ತಾ ಹೋಗಿಬಿಟ್ಟಳು.

ತೆಗೆಯುತ್ತಾರೆ. ಬಾಟ್ಲಿಗೆ ಆ ಮಾತು ಚೆನ್ನಾಗಿ ಅರ್ಥವಾಯಿತು. ಕೆಲಸಕ್ಕೆ ಬಾರದವನ ಗಂಬೂಟನ್ನು ಕಾಂಟ್ರಾಕ್ಟರು ಅವತ್ತೇ ಕಿತ್ತು ಇನ್ನೊಬ್ಬನ ಕಾಲಿಗೆ ಹಾಕಿಸುತ್ತಿದ್ದುದನ್ನು ಅವಳು ಕಣ್ಣಾರೆ ಕಂಡವಳು. ಕಿಡ್ನಿಗೂ ಅದೇ ಕಾಯಿದೆ ಇರಬೇಕು. ಸಾಲಿನಲ್ಲಿ ಅಷ್ಟು ಜನ ಇದ್ದಾರೆ ಎಂದು ದೊಡ್ಡ ಡಾಕ್ಟರೇ ಹೇಳಿದರಲ್ಲ! ಹೊಟ್ಟೆ ಮತ್ತೆ ಕೊಯ್ದು, ಅದನ್ನು ತೆಗೆದು, ಸರಿಯಾಗಿ ಉಚ್ಚೆ ಹೊಯ್ಯುವ ಯಾರಿಗೋ ಕೊಡುತ್ತಾರೆ. ಮೊಸಳೆ ಖಾಲಿ ಹೊಟ್ಟೆಯಲ್ಲಿ ಸಾಯುತ್ತಾನೆ.

ಆ ವಾರ್ಡಿನಲ್ಲಿ ಚೀಲ ಖಾಲಿ ಮಾಡುವುದು ರೋಗಿಯ ಕಡೆಯವರ ಕೆಲಸ. ಗೆರೆ ಹಾಕಿದ ಒಂದು ಪ್ಲಾಸ್ಟಿಕ್ ಜಗ್ಗಿತ್ತು. ಕಕ್ಕಸಿನಲ್ಲಿ ಚೀಲವನ್ನು ಅದಕ್ಕೆ ಬಗ್ಗಿಸಿ, ಸ್ಟಡಿ ಮೇಡಂಗೆ ತಂದು ತೋರಿಸಿ, ಆಮೇಲೆ ಚೆಲ್ಲಬೇಕು. ಬಾಟ್ಲಿ ಒಳಗೆ ಹೋಗಿ ಚಿಲಕ ಹಾಕಿದಳು. ಮೊಸಳೆಯ ಒಂದು ಗುಟುಕನ್ನು ಜಗ್ಗಿಗೆ ಸುರಿದಳು. ತಳವೂ ಮುಚ್ಚಲಿಲ್ಲ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತಳು. ಆಮೇಲೆ ಸೀರೆ ಎತ್ತಿ ಜಗ್ಗಿನ ಮೇಲೆ ಕೂತಳು.

"ಅರೆ!" ಎಂದಳು ಸ್ಟಡಿ ಮೇಡಂ. "ಶುರುವಾಯ್ತಲ್ಲಮ್ಮ!"

ಅವಳು ಬಾಟ್ಲಿಯ ಭುಜ ತಟ್ಟಿದಳು. ಆಸ್ಪತ್ರೆಗೆ ಕಾಲಿಟ್ಟ ಮೇಲೆ ಒಬ್ಬ ಡಾಕ್ಟರು ತನ್ನನ್ನು ಮುಟ್ಟಿದ್ದು ಅದೇ ಮೊದಲು. ಬಾಟ್ಲಿಗೆ ಅಳು ಬಂತು. ಅದನ್ನು ಸಂತೋಷವೆಂದುಕೊಂಡು ಸ್ಟಡಿ ಮೇಡಂ ಇನ್ನೊಮ್ಮೆ ತಟ್ಟಿದಳು.

ಅಲ್ಲಿಂದ ಮುಂದೆ ಬಾಟ್ಲಿ ಕೊಡಗಟ್ಟಲೆ ನೀರು ಕುಡಿದಳು. ಡಾಕ್ಟರುಗಳು ಬರುವ ಮೊದಲೇ ಚೀಲ ಖಾಲಿ ಮಾಡಿಬಿಡುತ್ತಿದ್ದಳು. ಜಗ್ಗು ತುಂಬುತ್ತಾ ಹೋಯಿತು. ದೊಡ್ಡ ಡಾಕ್ಟರು ಬೂಟಿನಿಂದ ಚೀಲ ಒದೆಯುವುದನ್ನು ಬಿಟ್ಟು ಮೊಸಳೆಯನ್ನು "ಏನಯ್ಯ ಹೀರೋ" ಎಂದರು. ಜಗ್ಗಿನಿಂದ ಕೊಂಡೊಯ್ದ ಮೂತ್ರದ ರಿಪೋರ್ಟು ಬಂಗಾರದಂತೆ ಬಂತು. ಮೊಸಳೆಯ ರಕ್ತ ಮಾತ್ರ ದಿನದಿನಕ್ಕೆ ಕೆಡುತ್ತಿತ್ತು. ಇದೇನು ವಿಚಿತ್ರವೆಂದು ಕಿರಿಯರು ತಲೆ ಕೆರೆದುಕೊಂಡರು.

ಮೊಸಳೆಯ ಮುಖ ಊದಿತು. ರೆಪ್ಪೆಗಳು ಕಣ್ಣನ್ನು ಮುಚ್ಚಿದವು. ಮಲಗಿದರೆ ಉಸಿರು ಸಿಗದೆ ದಿಂಬಿಗೆ ಒರಗಿ ಕೂತೇ ಇದ್ದ.

"ಚೇಂಬರಲ್ಲಿ ಗ್ಯಾಸು ಬಂದಂಗಾಗ್ತಿದೆ ಕಣೇ," ಎಂದ. "ಹಗ್ಗ ಎಳೀರೋ ಅಂತ ಕೂಗ್ಬೇಕು ಅನ್ಸುತ್ತೆ."

ಮೇಲಿನಿಂದ ಹಗ್ಗ ಹಿಡಿಯಬೇಕಾದವಳು ತಾನೇ ಎಂಬುದು ಬಾಟ್ಲಿಗೆ ಗೊತ್ತಿತ್ತು. ಅವಳು ವಾರ್ಡಿನ ಸಿಸ್ಟರ್ ಬಳಿಗೆ ಓಡಿದಳು. ಸಿಸ್ಟರ್ ಬಂದು ನೋಡಿದಳು, ರಕ್ತದ ರಿಪೋರ್ಟು ನೋಡಿದಳು. ಆ ಬೆಳಿಗ್ಗೆ ಬಂದ ದೊಡ್ಡ ಡಾಕ್ಟರನ್ನು ನೇರವಾಗಿ ಕೇಳಿಯೇಬಿಟ್ಟಳು.

"ಸರ್, ಡಯಾಲಿಸಿಸ್‌ಗೆ ಕಳಿಸ್ಲಾ? ಹೀಗೇ ಬಿಟ್ರೆ ಹಾರ್ಟ್ ನಿಲ್ಲುತ್ತೆ."

"ಯೂರಿನ್ ಬರ್ತಿದೆಯಲ್ರೀ. ನಾಳೆಗೆ ವಾರ ಮುಗಿಯುತ್ತೆ. ಅಲ್ಲೀವರೆಗೂ ಇವನನ್ನ ಮೆಷಿನ್ ಹತ್ರ ಒಯ್ಯಬಾರದು. ಮಧ್ಯಾಹ್ನ ಔಷಧಿ ಕಂಪನಿಯೋರು ನೋಡೋಕೆ ಬರ್ತಿದಾರೆ."

ಅವರು ಹೋದ ಮೇಲೆ ಬಾಟ್ಲಿ ಸಿಸ್ಟರ್ ಕೈ ಹಿಡಿದಳು. "ವಾರ ಅಂದ್ರೇನು ಸಿಸ್ಟರ್? ಮೆಷಿನ್‌ಗೆ ಯಾಕ್ ಹಾಕ್ಬಾರ್ದು?"

"ಮೊದಲ ವಾರದಲ್ಲಿ ಡಯಾಲಿಸಿಸ್ ಮಾಡಿದ್ರೆ ಕಿಡ್ನಿ ಎದ್ದಿಲ್ಲ ಅಂತ ಲೆಕ್ಕ. ಅವರ ಪರೀಕ್ಷೇಲಿ ಇವನು ಫೇಲಾಗ್ತಾನೆ."

"ಹಾಗಾದ್ರೆ ಕಿಡ್ನಿ ತೆಗೆದು ಬೇರೆಯೋರಿಗೆ ಹಾಕ್ತಾರಾ?"

"ಯಾರು ಹೇಳಿದ್ದು ನಿಂಗೆ? ಒಬ್ಬರಿಗೆ ಹಾಕಿದ್ದನ್ನ ಕಿತ್ತು ಇನ್ನೊಬ್ಬರಿಗೆ ಹಾಕ್ತಾರಾ, ಹುಚ್ಚಿ! ವಾರಗಟ್ಟಲೆ ಮೆಷಿನ್ ಮೇಲಿದ್ದು ಆಮೇಲೆ ಎದ್ದ ಕಿಡ್ನಿಗಳು ಬೇಕಾದಷ್ಟಿವೆ."

ಗಂಡನ ಕುತ್ತಿಗೆ ಹಿಸುಕುತ್ತಿರುವುದು ತಾನೇ, ಈ ಕೈಯೇ. ಅವಳು ಹೊರಗೆ ಓಡಿ ಸ್ಟಡಿ ಮೇಡಂಳನ್ನು ಮೆಟ್ಟಿಲ ಬಳಿ ಹಿಡಿದು ಎಲ್ಲವನ್ನೂ ಕಕ್ಕಿದಳು. ಸ್ಟಡಿ ಮೇಡಂ ಸುತ್ತಮುತ್ತ ನೋಡಿದಳು.

"ಚೀಲದಿಂದ ಅಳೆದಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ ಅಂತ ಬರೆದಿದೀನಲ್ರೀ... ಬಾಯಿ ಮುಚ್ಕೊಂಡಿರಿ. ಯಾರಿಗೂ ಹೇಳ್ಬೇಡಿ. ಸರ್‌ಗೆ ನಾನೇ ಹೇಳ್ತೀನಿ."

ಅವಳು ಹೇಳಲಿಲ್ಲ. ಮಧ್ಯಾಹ್ನ ಕೋಟು ತೊಟ್ಟ ಕಂಪನಿಯವರ ಜೊತೆ ದೊಡ್ಡ ಡಾಕ್ಟರು ಮಂಚದ ಬಳಿ ಬಂದಾಗ ಸ್ಟಡಿ ಮೇಡಂ ಎಲ್ಲರಿಗಿಂತ ಹಿಂದೆ ನೆಲ ನೋಡುತ್ತಾ ನಿಂತಿದ್ದಳು. ಮೊಸಳೆಯ ತುಟಿ ನೀಲಿಗಟ್ಟಿತ್ತು. ತಲೆ ಒಂದು ಕಡೆಗೆ ವಾಲಿತ್ತು.

"ಇವನದು ಬಹಳ ಒಳ್ಳೇ ಕೇಸು," ಎಂದರು ದೊಡ್ಡ ಡಾಕ್ಟರು.

"ಸಾಮಿ, ಅದು ಅವ್ನದಲ್ಲ! ಜಗ್ಗಲ್ಲಿದ್ದಿದ್ದು ನನ್ನ ಉಚ್ಚೆ! ನಾನು ಹೊಯ್ದಿದ್ದು! ಅವ್ನಿಗೆ ಒಂದು ಹನೀನೂ ಬರ್ತಿಲ್ಲ, ಮೆಷಿನ್‌ಗೆ ಹಾಕ್ಸಿ ಸಾಮಿ!"

ದೊಡ್ಡ ಡಾಕ್ಟರು ಕಂಪನಿಯವರತ್ತ ತಿರುಗಿ ನಕ್ಕರು.

"ಭಯಪಟ್ಟಿದಾರೆ, ಪಾಪ. ಬಾಯಿಗೆ ಬಂದದ್ದು ಹೇಳ್ತಾರೆ. ಸೆಕ್ಯುರಿಟಿ, ಇವಳನ್ನ ಆಚೆ ಕಳ್ಸು."

ಬಾಟ್ಲಿ ಮಂಚದ ಕೆಳಗಿನ ಜಗ್ಗನ್ನು ಎಳೆದುಕೊಂಡು ಬಾಗಿಲಿಗೆ ಓಡಿದಳು. ವಾರ್ಡಿಗೆ ಇದ್ದದ್ದು ಅದೊಂದೇ ಬಾಗಿಲು. ಹೊಸ್ತಿಲಿಗೆ ಅಡ್ಡವಾಗಿ, ಎಲ್ಲರಿಗೂ ಎದುರಾಗಿ, ಸೀರೆ ಎತ್ತಿ ಜಗ್ಗಿನ ಮೇಲೆ ಕುಕ್ಕರುಗಾಲಲ್ಲಿ ಕೂತಳು.

"ನಂಬಲ್ವೇನ್ರೋ? ನೋಡ್ರೋ, ಕಣ್ ಬಿಟ್ ನೋಡ್ರೋ!"

ಕಂಪನಿಯವರು ಮುಖ ತಿರುಗಿಸಿದರು. ಸೆಕ್ಯುರಿಟಿಯವನು ಮುಟ್ಟಲೂ ಆಗದೆ, ಬಿಡಲೂ ಆಗದೆ ಕೈ ಚಾಚಿ ನಿಂತ. ಆದರೆ ಜಗ್ಗಿಗೆ ಏನೂ ಬೀಳಲಿಲ್ಲ. ಇಷ್ಟು ದಿನ ಕರೆದಾಗಲೆಲ್ಲ ಬಂದದ್ದು ಈಗ ಹೆದರಿಕೆಗೆ ಬಿಗಿದುಕೊಂಡುಬಿಟ್ಟಿತ್ತು.

"ನೋಡಿದ್ರಾ?" ಎಂದರು ದೊಡ್ಡ ಡಾಕ್ಟರು. "ಎಳೀರಿ ಅವಳನ್ನ."

"ಬರುತ್ತೆ! ಬರೋವರೆಗೂ ಏಳಲ್ಲ! ಯಾವ ಬೋಳಿಮಗ ಮುಟ್ತಾನೋ ಮುಟ್ಲಿ!"

ನೆಲ ಒರೆಸುತ್ತಿದ್ದ ಆಯಮ್ಮ ಕೋಲನ್ನು ಗೋಡೆಗೆ ಒರಗಿಸಿದಳು. ಯಾರ ಮುಖವನ್ನೂ ನೋಡದೆ ಮೂಲೆಯ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಬಕೆಟ್ಟಿಗೆ ನೀರು ಧಾರೆಯಾಗಿ ಬಿತ್ತು.

"ನೀರಿನ ಸದ್ದು ಕೇಳ್ಸಿಕೊಳ್ಳೇ ತಂಗಿ," ಎಂದಳು. "ಕಣ್ಮುಚ್ಚಿ ಕೇಳ್ಸಿಕೋ."

ಬಾಟ್ಲಿ ಕಣ್ಣು ಮುಚ್ಚಿದಳು. ಮೊದಲು ಒಂದು ಹನಿ. ಆಮೇಲೆ ಜಗ್ಗು ಸದ್ದು ಮಾಡಿತು. ಆ ಸದ್ದು ವಾರ್ಡಿನ ಕೊನೆಯ ಮಂಚದವರೆಗೂ ಕೇಳಿಸಿತು.

ಸಿಸ್ಟರ್ ಯಾರ ಅಪ್ಪಣೆಗೂ ಕಾಯಲಿಲ್ಲ. ಮೊಸಳೆಯ ಮಂಚದ ಚಕ್ರದ ಬ್ರೇಕನ್ನು ಕಾಲಿನಿಂದ ಬಿಡಿಸಿ ಡಯಾಲಿಸಿಸ್ ರೂಮಿನ ಕಡೆಗೆ ತಳ್ಳಿದಳು. ಬಾಟ್ಲಿ ಎದ್ದು ದಾರಿ ಬಿಟ್ಟಳು. ತುಂಬಿದ ಜಗ್ಗನ್ನು ದೊಡ್ಡ ಡಾಕ್ಟರ ಎದೆಗೆ ಒತ್ತಿದಳು. ಬಿದ್ದೀತೆಂದು ಅವರ ಎರಡು ಕೈಗಳೂ ತಾವಾಗಿಯೇ ಅದನ್ನು ಹಿಡಿದವು.

"ಅಳೀರಿ," ಎಂದಳು.

"ಚೆಲ್ಲಬೇಡಿ ಸಾರ್," ಎಂದಳು ಆಯಮ್ಮ. "ಒರೆಸೋಳು ನಾನು."

ಬಾಟ್ಲಿ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳು ಮಂಚದ ಹಿಂದೆ ಓಡುತ್ತಿದ್ದಳು. ಹೊದಿಕೆಯಿಂದ ಮೊಸಳೆಯ ಪಾದ ಹೊರಗೆ ಚಾಚಿತ್ತು, ಊದಿ ಹೊಳೆಯುತ್ತಿತ್ತು. ಜೀವವಿದೆಯಾ ಎಂದು ಓಡುತ್ತಲೇ ಅವನ ಹೆಬ್ಬೆರಳು ಹಿಡಿದು ಹಿಂಡಿದಳು. ಅವನು ಕಾಲು ಎಳೆದುಕೊಳ್ಳಲಿಲ್ಲ. ಉಗುರು ಇಳಿಯುವ ಹಾಗೆ ಮತ್ತೆ ಹಿಂಡಿದಳು.