ಡ್ಯಾಶ್‌ಬೋರ್ಡಿನ ಮೇಲಿನ ಕಾಯಿ

ನನ್ನ ಹದಿನೆಂಟು ವರ್ಷದ ಪುಟ್ಟ ಕಾರು ಬಾಣಾವರದ ಹತ್ತಿರ ಮತ್ತೆ ನಿಂತಾಗ, ಹಿಂದೆ ರಿಪೇರಿ ಮಾಡಿದ ಇಬ್ಬರು ಮೆಕ್ಯಾನಿಕ್‌ಗಳನ್ನೂ ಸೇರಿಸಿ ಬೈದೆ. ಅರಸೀಕೆರೆಯಿಂದ ಬಂದ ಹೊಸ ಮೆಕ್ಯಾನಿಕ್ ಬೀರೇಶ್ ನನ್ನ ಬೈಗುಳ ಕೇಳುತ್ತಲೇ ಡ್ಯಾಶ್‌ಬೋರ್ಡಿನ ಎಡಗಡೆ, ಒಳಕ್ಕೆ ಕೈಹಾಕಿ ಅಂಗೈಯಗಲದ ಪೆಟ್ಟಿಗೆಯೊಂದನ್ನು ಬಿಚ್ಚಿದ. ಎಂಜಿನ್ನನ್ನು ನಡೆಸುವ ಕಂಪ್ಯೂಟರು, ಇಸಿಎಂ ಅದು. ಪಿನ್ನುಗಳಿಗೆಲ್ಲ ಹಸಿರು ಕಿಲುಬು ಹಿಡಿದಿತ್ತು.

"ಮ್ಯಾಲಿಂದ ನೀರು ಇಳಿದೈತೆ ನಂಜಪ್ಪನೋರೇ. ಡ್ಯಾಶ್‌ಬೋರ್ಡ್ ಮ್ಯಾಲೆ ಏನಿಡ್ತೀರಾ?"

ಪ್ರತಿ ಶನಿವಾರ ಮಾಲೇಕಲ್ಲು ಬೆಟ್ಟದ ದೇವಸ್ಥಾನದಿಂದ ಬರುವಾಗ, ದೇವರ ಕಾಯಿ ಕಾಲ ಬಳಿ ಇರಬಾರದೆಂದು ಹಟ ಹಿಡಿದು, ಒಡೆದ ಹೋಳುಗಳನ್ನು ನೀರಿನ ಸಮೇತ ಅಲ್ಲಿಡುತ್ತಿದ್ದವನು ನಾನೇ. ಬೇಡವೆಂದು, ಈಗ ಪಕ್ಕದಲ್ಲೇ ನಿಂತಿದ್ದ ಹೆಂಡತಿ ವಿಶಾಲಮ್ಮ ಎಷ್ಟೋ ಸಲ ಹೇಳಿದ್ದಳು.

"ಕಾಯಿ ಇಡೋಳು ನಾನೇ ಕಣಪ್ಪ, ಗೊತ್ತಾಗ್ಲಿಲ್ಲ" ಎಂದಳು ಅವಳು ಬೀರೇಶನಿಗೆ, ನನ್ನ ಮುಖ ನೋಡದೆ.

ಎರಡು ದಿನದಲ್ಲಿ ಬೀರೇಶ್ ಬೇರೆ ಇಸಿಎಂ ಹುಡುಕಿ ತಂದು, ಕಾರಿನ ಕೀಗೆ ಹೊಂದಿಸಿ ಹಾಕಿದ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಮುಂದಿನ ಶನಿವಾರ ಬೆಟ್ಟ ಇಳಿದು ಬಂದು, ಕಾರು ಹತ್ತುವ ಮುಂಚೆ ಕಾಯಿ ನೀರನ್ನು ಲೋಟಕ್ಕೆ ಬಗ್ಗಿಸಿ ವಿಶಾಲಮ್ಮನ ಕೈಗೆ ಕೊಟ್ಟೆ.

"ಕಾರಿನ ಪಾಲು ಇವತ್ತು ನಂಗಾ?" ಎಂದು ನಕ್ಕು, ಪೂರ್ತಿ ಕುಡಿದಳು.